ನೀಲಿ ಬೆರಳು

"ಈ ಪುಡಿಗೆ ಯಾವ ಬಣ್ಣ ಬೆರೆಸ್ತೀರಿ?"

ಅವಳು ಅವನ ಮಣಿಕಟ್ಟನ್ನೇ ಹಿಡಿದಿದ್ದಳು. ಅವನ ಬೆರಳೆಲ್ಲ ನೀಲಿ! ಕಳ್ಳ ಸಿಕ್ಕಿಬಿದ್ದ ಎಂದುಕೊಂಡವಳಿಗೆ ತನ್ನ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ.

"ಬಣ್ಣ ಅದರದ್ದೇ," ಅಂದ ಅವನು. "ಕೈ ಬಿಡ್ತೀರಾ, ಇಲ್ಲಾ ಇದನ್ನೂ ಪರೀಕ್ಷೆಗೆ ಒಯ್ತೀರಾ?"

ಅವಳು ಆಹಾರ ಪರೀಕ್ಷಿಸುವ ಪ್ರಯೋಗಾಲಯದವಳು. ಅವನು ಎದುರು ಕಟ್ಟಡದ ತಾರಸಿಯಲ್ಲಿ, ಬಿಸಿಲುಂಡು ಬದುಕುವ ಬ್ಯಾಕ್ಟೀರಿಯಾವನ್ನು ತೊಟ್ಟಿಗಳಲ್ಲಿ ಬೆಳೆಸಿ, ಒಣಗಿಸಿ, ಪುಡಿ ಮಾರುವವನು. ತೊಟ್ಟಿಯಲ್ಲಿ ಹಸಿರು, ಪುಡಿ ನೆನೆಸಿದರೆ ನೀಲಿ. "ಇದು ಆಹಾರ, ಔಷಧಿ ಅಲ್ಲ," ಎಂದು ಅವನೇ ಹೇಳಿದ್ದರೂ, ಶಕ್ತಿ ಬರುತ್ತದೆಂದು ಅವಳ ಅಮ್ಮ ದಿನವೂ ಕುಡಿಯುತ್ತಿದ್ದಳು. ಕಾಮಾಲೆಯಿಂದ ಈಗಷ್ಟೇ ಎದ್ದ ಅಮ್ಮ... ಅವಳ ಲಿವರ್ ಇನ್ನೊಂದು ಪೆಟ್ಟು ತಡೆಯುವಂತಿರಲಿಲ್ಲ.

ಅವಳು ಪುಡಿ ನೆನೆಸಿದ ನೀರನ್ನು ಕಾಯಿಸಿದಳು. ನೀಲಿ ಮಾಯ. ಬೆರಕೆ ಬಣ್ಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅವನು ಹೇಳಿದ್ದು ನಿಜವಾಗಿತ್ತು.

ಆದರೂ ಅವಳು ದಿನಾ ತಾರಸಿ ಹತ್ತಿದಳು. ಅವನು ಎರಡನೇ ಕುರ್ಚಿ ತಂದಿಟ್ಟ. 'ಇಷ್ಟು ಒಳ್ಳೆಯವನಾಗಿರೋಕೆ ಹೇಗೆ ಸಾಧ್ಯ? ಏನೋ ಮುಚ್ಚಿಡ್ತಿದ್ದಾನೆ...'

ಒಂದು ಬೆಳಗ್ಗೆ ಸಿಕ್ಕೇಬಿಟ್ಟ! ತೊಟ್ಟಿಗಳಿಗೆಲ್ಲ ಬ್ಲೀಚಿಂಗ್ ಪುಡಿ ಸುರಿಯುತ್ತಿದ್ದ. ಹಸಿರೆಲ್ಲ ಬಿಳಿಚಿಕೊಳ್ಳುತ್ತಿತ್ತು.

"ಸಾಕ್ಷಿ ಅಳಿಸ್ತಿದ್ದೀರಾ?" ಅಂದಳು.

ಅವನು ತೊಟ್ಟಿಯ ಹಸಿರು ನೀರು ತುಂಬಿ ಮುಚ್ಚಳ ಬಿಗಿದ ಸೀಸೆಯೊಂದನ್ನು ಅವಳ ಕೈಗಿಟ್ಟ. "ಸಾಕ್ಷಿ ಇಲ್ಲಿದೆ. ಮೈಕ್ರೋಸ್ಕೋಪಲ್ಲಿ ಬೇರೆ ಜಾತಿ ಬ್ಯಾಕ್ಟೀರಿಯಾ ಕಾಣಿಸ್ತು. ಅದರ ವಿಷ ನೇರ ಲಿವರ್‌ಗೆ ಹೋಗುತ್ತೆ."

"ಅಮ್ಮ ಕುಡಿದಿದ್ದು?"

"ಅದು ಹಿಂದಿನ ಬೆಳೆ. ಚೆನ್ನಾಗಿತ್ತು ಅಂದ್ಕೊಂಡಿದೀನಿ. ಆದ್ರೆ ನನ್ನ ಮಾತು ನಂಬಬೇಡಿ. ನಿಮ್ಮಮ್ಮಂಗೆ ಫೋನ್ ಮಾಡಿ ಕುಡಿಯೋದು ನಿಲ್ಲಿಸೋಕೆ ಹೇಳಿದೀನಿ. ಆ ಡಬ್ಬಿನೂ ಪರೀಕ್ಷೆ ಮಾಡಿ."

ನಂಬಬೇಡಿ ಎಂದವನನ್ನು ನಂಬಬೇಕೆಂದು ಅವಳಿಗೆ ಅನ್ನಿಸಿದ್ದು ಆಗಲೇ. ಆದರೂ ಪರೀಕ್ಷಿಸಿದಳು. ಸೀಸೆಯಲ್ಲಿ ವಿಷವಿತ್ತು. ಅಮ್ಮನ ಡಬ್ಬಿಯಲ್ಲಿ ಇರಲಿಲ್ಲ. ಅವಳು ಪ್ರಯೋಗಾಲಯದಲ್ಲೇ ಕುಳಿತು ಅತ್ತುಬಿಟ್ಟಳು.

ಅವಳು ಮತ್ತೆ ತಾರಸಿ ಹತ್ತಿದಾಗ ಅವನು ಖಾಲಿ ತೊಟ್ಟಿ ಉಜ್ಜುತ್ತಿದ್ದ. ಎರಡನೇ ಕುರ್ಚಿ ಇದ್ದಲ್ಲೇ ಇತ್ತು.

"ಅಮ್ಮನ ಡಬ್ಬಿ ಚೆನ್ನಾಗಿದೆ... ತಪ್ಪಾಗಿ ಮಾತಾಡಿಬಿಟ್ಟೆ."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ಹಾಗಾದ್ರೆ ಇನ್ಮೇಲೆ ಬರಲ್ವಾ?"

"ಬರ್ತೀನಿ. ಪುಡಿ ಬರೀ ನೆಪ. ನಿಮ್ಮನ್ನ ನೋಡೋಕೇ ಬರ್ತಿದ್ದೆ."

ಹೇಳಿದ್ದೇ ತಡ, ಅವಳ ಮುಖವೆಲ್ಲ ಕೆಂಪಾಯಿತು. ಅವನು ಹತ್ತಿರ ಬಂದು ದಿಟ್ಟಿಸಿದ.

"ಕೆನ್ನೆಗೆ ಯಾವ ಬಣ್ಣ ಹಚ್ಚಿದ್ದೀರಿ?"

"ಬಣ್ಣ ಅದರದ್ದೇ," ಅಂದಳು. "ಅನುಮಾನ ಇದ್ರೆ ಪರೀಕ್ಷೆ ಮಾಡ್ಕೊಳ್ಳಿ."