ದೈವದ ಕೋಣೆಯಲ್ಲಿಟ್ಟ ಟಿಕೆಟ್

ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ 9.10. ಮುಳ್ಳೇರಿಯದ ರಿಕ್ಷಾ ಚಾಲಕ ಪುರಂದರ ಠಾಣೆಗೆ ಬಂದು ದೂರು ಕೊಟ್ಟ. ಎಂಬತ್ತು ಲಕ್ಷ ಬಹುಮಾನ ಬಂದ ಲಾಟರಿ ಟಿಕೆಟ್ ಮನೆಯಿಂದ ಕಳವಾಗಿದೆ. ಅದನ್ನು ಹಾಜರುಪಡಿಸಲು ಉಳಿದಿರುವುದು ನಾಲ್ಕೇ ದಿನ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ; ಇವನು ಠಾಣೆಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ.

"ಸಂಶಯ ಯಾರ ಮೇಲೆ?" ಇನ್‌ಸ್ಪೆಕ್ಟರ್ ಗಣೇಶಪ್ರಸಾದ ಕೇಳಿದರು.

"ಎಲ್ಲರ ಮೇಲೂ ಉಂಟು ಸರ್. ಬರೆದುಕೊಳ್ಳಿ."

ತಮ್ಮ, ಇಬ್ಬರು ಭಾವಂದಿರು, ಚಿಕ್ಕಮ್ಮ, ಅವಳ ಮಗ, ಹೀಗೆ ಹನ್ನೊಂದು ಹೆಸರು. ಮೂರು ವರ್ಷ ಇವನ ಮನೆಯ ಮೆಟ್ಟಿಲು ಹತ್ತದವರೆಲ್ಲ ಬಹುಮಾನದ ಸುದ್ದಿಗೆ ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದರು. ಅವರನ್ನು ಕಳ್ಳರೆಂದು ಬರೆಸುವಾಗ ಪುರಂದರನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಪಂಚನಾಮೆ. ಟಿಕೆಟ್ ಇದ್ದದ್ದು ದೈವದ ಕೋಣೆಯ ಹಿತ್ತಾಳೆ ತಟ್ಟೆಯಲ್ಲಿ. ದೈವಕ್ಕೆ ತಂಬಿಲ ಸೇವೆ ಕೊಟ್ಟ ಮೇಲೆಯೇ ಬ್ಯಾಂಕಿಗೆ ಒಯ್ಯುವುದೆಂದು ಹರಕೆ. ಅಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡು ಸೂತಕ ಬಂತು. ಹದಿನಾರನೇ ತಾರೀಕಿನವರೆಗೆ ಕುಟುಂಬದವರು ಯಾರೂ ಆ ಕೋಣೆಗೆ ಕಾಲಿಡುವಂತಿಲ್ಲ. ಎಂಬತ್ತು ಲಕ್ಷವನ್ನು ಎಲ್ಲರೂ ಹೊಸ್ತಿಲಾಚೆಯಿಂದಲೇ ನೋಡಿ ಜೊಲ್ಲು ಸುರಿಸುತ್ತಿದ್ದರು.

"ಒಳಗೆ ಹೋಗಿದ್ದೀಯಾ?" ಪುರಂದರನ ತಮ್ಮ ಜಿತೇಂದ್ರನನ್ನು ಗಣೇಶಪ್ರಸಾದ ಕೇಳಿದರು.

"ಸೂತಕದಲ್ಲಿ ಹೋಗಲಿಕ್ಕೆ ನನಗೆಂತ ಮರ್ಲಾ ಸರ್?"

ಉಳಿದವರ ಉತ್ತರವೂ ಅದೇ. ಒಡಹುಟ್ಟಿದವರ ಮೇಲೆ ಇಲ್ಲದ ಮರ್ಯಾದೆ ದೈವದ ಮೇಲಾದರೂ ಇತ್ತು.

ಕಾನ್‌ಸ್ಟೇಬಲ್ ಕಮಲ ಹೊಸ್ತಿಲಲ್ಲಿ ನಿಂತು ಬಗ್ಗಿ ನೋಡಿದರು. "ಸರ್, ದೀಪದ ಎಣ್ಣೆ ಹೊಸತು. ಮನೆಯವರು ಹೋಗದಿದ್ದರೆ ದೀಪ ಇಟ್ಟದ್ದು ಯಾರು?"

"ಅದು ಹರಿನಾಥಣ್ಣ," ಎಂದಳು ಪುರಂದರನ ಹೆಂಡತಿ ಉಜ್ವಲಾ. "ಅವರಿಗೆ ಸೂತಕ ಇಲ್ಲವಲ್ಲ. ದಿನಾ ಸಂಜೆ ಬಂದು ಇಟ್ಟು ಹೋಗುತ್ತಾರೆ."

ಹರಿನಾಥ ಹದಿನೆಂಟು ವರ್ಷ ಪುರಂದರನ ಪಕ್ಕದಲ್ಲೇ ರಿಕ್ಷಾ ನಿಲ್ಲಿಸಿದವನು.

"ಇದನ್ನು ಯಾಕೆ ಹೇಳಲಿಲ್ಲ?" ಇನ್‌ಸ್ಪೆಕ್ಟರ್ ಪುರಂದರನತ್ತ ತಿರುಗಿದರು.

"ಅವನದ್ದೆಂತ ಹೇಳುವುದು ಸರ್, ದೀಪ ಇಡುವವ," ಎಂದ ಪುರಂದರ.

ಮಧ್ಯಾಹ್ನ 2.20. ಸ್ಟ್ಯಾಂಡಿನಲ್ಲಿದ್ದ ಹರಿನಾಥನ ರಿಕ್ಷಾದಲ್ಲಿ, ಆರ್‌ಸಿ ಪುಸ್ತಕದ ಕವರಿನೊಳಗೆ ಟಿಕೆಟ್ ಸಿಕ್ಕಿತು. ಹಿಂಬದಿಯಲ್ಲಿ ಹೆಸರು ಬರೆಯುವ ಜಾಗ ಖಾಲಿಯಿತ್ತು.

"ಮಾರಲಿಕ್ಕೆ ನೋಡಿದೆಯಾ?"

"ಇಲ್ಲ."

"ಮತ್ತೆಂತಕ್ಕೆ ತೆಗೆದದ್ದು?"

"ಬಹುಮಾನ ಬಂದ ಮೇಲೆ ಅವನು ಇತ್ತ ತಲೆ ಹಾಕಲಿಲ್ಲ. ದೀಪ ಇಡಲಿಕ್ಕೆ ಹೋದರೆ ಕೂತುಕೋ ಅನ್ನಲಿಲ್ಲ. ನಾಲ್ಕು ದಿನ ಕಳೆದಿದ್ದರೆ ಅದು ಬರೀ ಕಾಗದ ಸರ್. ಅವನು ಪುನಃ ಸ್ಟ್ಯಾಂಡಿಗೆ ಬರುತ್ತಿದ್ದ."

ಇಂಥವನ ಗೆಳೆತನಕ್ಕೆ ಜೈಲಿಗೆ ಹೊರಟ ಮೂರ್ಖನನ್ನು ಗಣೇಶಪ್ರಸಾದ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. 3.05ಕ್ಕೆ ಬಂಧನ ದಾಖಲಿಸಿದರು.

ಸುದ್ದಿ ತಿಳಿದು ಪುರಂದರ ಠಾಣೆಗೆ ಓಡಿ ಬಂದು ಟಿಕೆಟಿಗೆ ಕೈಚಾಚಿದ. ಅದೀಗ ಸಾಕ್ಷ್ಯ, ಬೇಕಾದರೆ ಇವತ್ತೇ ಕೋರ್ಟಿಗೆ ಅರ್ಜಿ ಹಾಕು ಎಂದರು ಇನ್‌ಸ್ಪೆಕ್ಟರ್. ಆಮೇಲಷ್ಟೇ ಅವನು ಬೆಂಚಿನ ಮೇಲಿದ್ದ ಹರಿನಾಥನನ್ನು ನೋಡಿದ್ದು.

"ಇವನಾ? ಸದ್ಯ," ಎಂದು ಉಸಿರು ಬಿಟ್ಟ. "ನಮ್ಮವರೇ ಯಾರೋ ಅಂತ ಹೆದರಿದ್ದೆ ಸರ್."

ಬಂಧಿಸುವಾಗಲೂ ಅಳದ ಹರಿನಾಥ ಆಗ ಅತ್ತ.