ಡ್ರಾಫ್ಟ್‌ನಲ್ಲಿ ಉಳಿದ ಹೂಂ

"ನೀವಾ...!"

ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಹುಲಿಗೇಶನನ್ನು ಕಂಡದ್ದೇ ಅಮೃತಾಳ ಕೈಯಲ್ಲಿದ್ದ ಮೌಸ್ ಅಲ್ಲೇ ನಿಂತಿತು.

"ಎಚ್‌ಒಡಿ ಸರ್ ಕಳಿಸ್ಯಾರ್ರಿ. ಹೊಸ ಹುಡುಗರಿಗೆ ಯೂನಿವರ್ಸಿಟಿ ಇಮೇಲ್ ಕಲಿಸೂದ್ರಾಗ ನಿಮಗ ಕೈ ಜೋಡಿಸು ಅಂದ್ರು," ಎಂದ ಅವನು, ಕಣ್ಣು ಮೇಲೆತ್ತದೆ.

"ನನಗ ಯಾರ ಸಹಾಯನೂ ಬ್ಯಾಡ."

"ಹಂಗಾರ ಹಿಂದ ನಿಂತಿರ್ತೀನಿ ಬಿಡ್ರಿ."

ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೇಬಿಟ್ಟ, ಪುಣ್ಯಾತ್ಮ!

ಇಬ್ಬರೂ ಕೊಪ್ಪಳದ ಸ್ನಾತಕೋತ್ತರ ಕೇಂದ್ರದಲ್ಲಿ ಸಂಶೋಧನೆಗೆ ಸೇರಿದವರು. ಅವಳು ಯಲಬುರ್ಗಾದವಳು, ಅವನು ಗಂಗಾವತಿಯವನು. ಹೋದ ವರ್ಷದವರೆಗೂ ಲೈಬ್ರರಿಯಲ್ಲಿ ಎದುರುಬದುರು ಕೂತು ಓದುತ್ತಿದ್ದರು. ಮಾತು ಕಡಿಮೆ, ನೋಟ ಜಾಸ್ತಿ.

ಒಂದು ದಿನ ಅಮೃತಾಳ ಯೂನಿವರ್ಸಿಟಿ ಇಮೇಲ್‌ಗೆ ಅವನದೊಂದು ಪತ್ರ ಬಂತು.

"ನಿಮ್ಮ ನಂಬರ್ ಕೇಳೂದು ಛಂದ ಅನಸಲಿಲ್ಲ, ಅದಕ್ಕ ಇಲ್ಲಿ ಬರ್ದೀನ್ರಿ. ನೀವು ಒಪ್ಪಿದ್ರ ಬರೂ ಐತವಾರ ಅವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ತೀನಿ. ಉತ್ತರ ಬರಲಿಲ್ಲಂದ್ರ ಒಲ್ಲೆ ಅಂದಂಗ ತಿಳ್ಕೊಂತೀನಿ. ಮತ್ತ ತ್ರಾಸ ಕೊಡೂದಿಲ್ಲ."

ಅಮೃತಾ ನಾಚುತ್ತಾ, ನಗುತ್ತಾ ಹೂಂ ಎಂದು ಬರೆದಳು. ತಾಯಿಗೂ ಹೇಳಿದಳು. ಭಾನುವಾರ ಮನೆ ಸಾರಿಸಿ, ಹೋಳಿಗೆ ಮಾಡಿ, ತಾಯಿ ಮಗಳು ಗಂಗಾವತಿ ಬಸ್ಸಿನ ದಾರಿ ಕಾದರು. ಬಸ್ಸುಗಳು ಬಂದವು, ಹೋದವು. ಅವನು ಬರಲೇ ಇಲ್ಲ!

"ಬರಾವರು ಹಾದಿ ತಪ್ಪಿದ್ರೇನವಾ?" ಎಂದು ಪಕ್ಕದ ಮನೆಯ ಮುದಕಮ್ಮ ಕೇಳಿದಾಗ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅದನ್ನು ಅಮೃತಾ ಮರೆಯಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ಎಲ್ಲರೆದುರು ಅವನನ್ನು ನಿಲ್ಲಿಸಿ ಕೇಳಿಬಿಟ್ಟಳು. "ಆ ಮೇಲ್ ಬರಿಯಾಕ ನಾಚಿಕಿ ಬರಲಿಲ್ಲೇನ್ರಿ ನಿಮಗ? ಹೆಣ್ಮಕ್ಕಳ ಮನಿ ಮರ್ಯಾದಿ ಅಂದ್ರ ಆಟಾ?"

ಹುಲಿಗೇಶನ ಮುಖ ಬಿಳಿಚಿಕೊಂಡಿತು. "ತಪ್ಪಾತ್ರಿ," ಎಂದಷ್ಟೇ ಹೇಳಿ ಹೊರಟುಹೋದ. ಅಂದಿನಿಂದ ಹುಡುಗರು ಅವನಿಗೆ 'ಮೇಲ್ ಹುಲಿ' ಎಂದು ಹೆಸರಿಟ್ಟರು. ಅವನು ಸಂಶೋಧನೆಯ ನೆಪ ಮಾಡಿಕೊಂಡು ಊರೂರು ತಿರುಗುತ್ತಾ ಕೇಂದ್ರದ ಕಡೆ ಬರುವುದನ್ನೇ ಕಡಿಮೆ ಮಾಡಿದ.

ಈಗ ಅವನಿಗೆ ಕುಷ್ಟಗಿಯಲ್ಲಿ ಹೆಣ್ಣು ನೋಡುತ್ತಿದ್ದಾರಂತೆ. ಈ ಭಾನುವಾರವೇ ಹೋಗುತ್ತಾರಂತೆ. 'ಹೋಗಲಿ, ನನಗೇನು!' ಎಂದುಕೊಂಡಿದ್ದಳು ಅಮೃತಾ. ಆದರೆ ಸುದ್ದಿ ಕೇಳಿದ ದಿನ ಊಟ ಗಂಟಲಲ್ಲಿ ಇಳಿಯಲಿಲ್ಲ ಎಂಬುದು ನಮಗೂ ಗೊತ್ತು, ಅವಳಿಗೂ ಗೊತ್ತು.

ಇರಲಿ, ಪಾಠ ಶುರುವಾಯಿತು. ಅಮೃತಾ ತನ್ನದೇ ಅಕೌಂಟ್ ತೆರೆದು ಗೋಡೆಯ ಪರದೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಬಂದ ಪತ್ರ ಎಲ್ಲಿರುತ್ತದೆ, ಫೈಲ್ ಹೇಗೆ ಲಗತ್ತಿಸಬೇಕು, ಕೆಲಸ ಮುಗಿದ ಮೇಲೆ ಲಾಗೌಟ್ ಏಕೆ ಮಾಡಬೇಕು... ಹಿಂದೆ ನಿಂತವನು ಕೇಳಲೆಂದೇ ದನಿ ಸ್ವಲ್ಪ ಏರಿಸಿದ್ದಳೋ ಏನೋ.

ಮುಂದಿನ ಸಾಲಿನ ಖುರ್ಷಿದಾ ಕೈ ಎತ್ತಿದಳು. "ಮೇಡಂ, ಅಲ್ಲಿ ಡ್ರಾಫ್ಟ್ಸ್ ಅಂತ ಐತಲ್ರಿ, ಬಾಜೂಕ ಒಂದು ಅಂತ ತೋರಸಾಕತ್ತೈತಿ. ಅದೇನ್ರಿ?"

"ಅದಾ? ಬರದು ಕಳಿಸದ ಬಿಟ್ಟಿದ್ದು ಅಲ್ಲಿ ಬಿದ್ದಿರ್ತೈತಿ. ಗಡಿಬಿಡಿ ಮಂದಿ ಮಾಡೂ ಕೆಲಸ!" ಎಂದು ನಗುತ್ತಾ ಅಮೃತಾ ಅದನ್ನು ಒತ್ತಿದಳು.

ಪರದೆಯ ತುಂಬ ಪತ್ರ ತೆರೆದುಕೊಂಡಿತು. 'ಟು' ಎಂಬ ಜಾಗ ಖಾಲಿ. ಕೆಳಗೆ, ಹೋದ ವರ್ಷದ ಅವಳದೇ ಮಾತು...

"ಬರ್ರಿ. ಅವ್ವಗ ಹೇಳೀನಿ. ನಿಮಗ ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲೈತ್ರಿ?" ಖುರ್ಷಿದಾ ಜೋರಾಗಿ ಓದಿಯೇಬಿಟ್ಟಳು.

ಲ್ಯಾಬಿನಲ್ಲಿ ನಗೆ ಎದ್ದಿತು. ಅಮೃತಾಳಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತು.

'ಹೋಗಿರಲೇ ಇಲ್ಲವಾ...!'

ಆಗ ಅವಳಿಗೆ ಗೊತ್ತಿದ್ದದ್ದು ವಾಟ್ಸಾಪ್ ಒಂದೇ. ಅವನ ಪತ್ರ ತೆರೆದೇ ಇದೆಯಲ್ಲ, ಬರೆದದ್ದು ಅವನಿಗೇ ಹೋಗುತ್ತದೆ ಎಂದುಕೊಂಡು ಹೊಸ ಪತ್ರದ ಡಬ್ಬಿ ತೆರೆದು ಬರೆದು ಮುಚ್ಚಿದ್ದಳು. ಯಾರಿಗೆ ಎಂದು ಹಾಕಿರಲಿಲ್ಲ, ನಾಚಿಕೆಯ ಗಡಿಬಿಡಿಯಲ್ಲಿ ಕಳುಹಿಸುವ ಗುಂಡಿಯನ್ನೂ ಒತ್ತಿರಲಿಲ್ಲ! ಆಮೇಲೆ ಎಲ್ಲವನ್ನೂ ಕಲಿತಳು, ಈ ಮೂಲೆಗೆ ಮಾತ್ರ ಎಂದೂ ಇಣುಕಲಿಲ್ಲ.

ಉತ್ತರ ಬರಲಿಲ್ಲವೆಂದು ಅವನು ಬರಲಿಲ್ಲ. ಅಂಥವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಬೈದಳಲ್ಲ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಕಿವಿಯೆಲ್ಲ ಬಿಸಿಯಾಯಿತು, ಪತ್ರ ಮುಚ್ಚುವುದೂ ಮರೆತುಹೋಯಿತು.

"ಯಾಕ ನಗ್ತೀರಿ?" ಹಿಂದಿನಿಂದ ಹುಲಿಗೇಶನ ದನಿ ಬಂತು. "ನಿಮಗ ತೋರಸಾಕಂತ ಮೇಡಂ ಬೇಕಂತಲೇ ಬರದಿಟ್ಟಾರ. ನೋಡ್ರಿ, ಟು ಜಾಗ ಖಾಲಿ ಬಿಟ್ರ... ಎಂಥಾ ಮಾತಿದ್ರೂ... ಮುಟ್ಟಬೇಕಾದವರಿಗೆ ಮುಟ್ಟೂದಿಲ್ಲ."

ಕೊನೆಗೆ ಅವನ ದನಿ ಒಡೆಯಿತು. ನಗೆ ನಿಂತಿತು. ಹುಡುಗರು ಪಾಪ, ಉದಾಹರಣೆ ಎಂದೇ ನಂಬಿ ಬರೆದುಕೊಳ್ಳತೊಡಗಿದರು.

'ನಾನು ಇವರ ಮಾನ ಕಳೆದೆ, ಇವರು ನನ್ನ ಮಾನ ಮುಚ್ಚುತ್ತಿದ್ದಾರೆ...' ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಸುಮ್ಮನಿರುವುದು ಅವಳಿಂದ ಆಗಲಿಲ್ಲ.

"ಉದಾಹರಣಿ ಅಲ್ಲ," ಎಂದಳು ಅಮೃತಾ. "ಇದು ಖರೇನ ನಾನು ಬರದಿದ್ದು. ಹುಲಿಗೇಶ ಸರ್‌ಗೆ. ಕಳಿಸೇನಿ ಅಂತ ತಿಳ್ಕೊಂಡು, ಅವರು ಮಾತಿಗೆ ತಪ್ಪಿದ್ರು ಅಂತ ಎಲ್ಲಾರ ಮುಂದ ಬೈದೆ. ಅವರ ತಪ್ಪು ಏನೂ ಇದ್ದಿಲ್ಲ. ನಿಮ್ಮ ಸೀನಿಯರ್ಸ್ ಅವರಿಗೆ ಹೆಸರಿಟ್ಟು ನಗ್ತಾರಲ್ಲ, ಅವರಿಗೂ ಹೇಳ್ರಿ... ತಪ್ಪು ನಂದು."

ಯಾರೂ ನಗಲಿಲ್ಲ. ಖುರ್ಷಿದಾ ಮೆಲ್ಲಗೆ ಎದ್ದು ಉಳಿದವರನ್ನೂ ಎಬ್ಬಿಸಿಕೊಂಡು ಹೊರಗೆ ಹೋದಳು. ಜಾಣೆ!

ಲ್ಯಾಬಿನಲ್ಲಿ ಇಬ್ಬರೇ ಉಳಿದರು.

"ನಾನು ಮುಚ್ಚಿದ್ದೆನಲ್ರಿ. ಯಾಕ ಹೇಳಿದ್ರಿ?" ಎಂದ ಹುಲಿಗೇಶ.

"ಬೈದಿದ್ದು ಎಲ್ಲಾರ ಮುಂದ. ತಪ್ಪಾತು ಅನ್ನೂದು ಮೂಲ್ಯಾಗ ಹೆಂಗ್ರಿ?" ಅವಳ ಕಣ್ಣು ತುಂಬಿತು. "ನೀವ್ಯಾಕ ಅವತ್ತ ತಿರುಗಿ ಕೇಳಲಿಲ್ಲ?"

"ನಾನು ಬರದಿದ್ದಕ್ಕ ಸಿಟ್ಟಾಗ್ಯಾರ ಅನ್ಕೊಂಡೆ. ಒಲ್ಲದವರಿಗೆ ಬರದು ಮನಿ ಮರ್ಯಾದಿ ಕಳದೆ ಅನ್ನಿಸ್ತು. ಮಾರಿ ತೋರಸಾಕ ನಾಚಿಕಿ ಆತ್ರಿ."

ಹಾಗಾದರೆ ಇಷ್ಟು ದಿನ ಇಬ್ಬರೂ ನಾಚಿಕೆಯಲ್ಲೇ ಬೆಂದವರು!

"ಕುಷ್ಟಗಿ..." ಎಂದಳು ಅಮೃತಾ, ಕಣ್ಣೊರೆಸಿಕೊಳ್ಳುತ್ತಾ.

"ನೋಡಾಕ ಬರ್ತೀವಿ ಅಂದೀವಿ ಅಷ್ಟ. ಮಾತು ಕೊಟ್ಟಿಲ್ಲ." ಹುಲಿಗೇಶ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟ. "ಅವ್ವ ಅದಾಳ. ನನಗಿಂತ ಆಕಿಗೆ ಭಾಳ ನೋವಾಗಿತ್ತು. ನೀವ ಮಾತಾಡ್ರಿ."

"ಅಯ್ಯ, ನಾನೇನಂತ..."

"ಹಲೋ, ಹೆಣ್ಮಗಳ ದನಿ ಯಾರದು?" ಆಚೆಯಿಂದ ಅವನ ತಾಯಿ ದುರ್ಗಾದೇವಿ ಕೇಳಿದಳು.

"ನಾನ್ರಿ... ಯಲಬುರ್ಗಾದ ಅಮೃತಾ."

"ನನ್ನ ಮಗಗ ಮಂದ್ಯಾಗ ಬೈದಾಕಿ?"

ಅಮೃತಾ ಕಣ್ಣು ಮುಚ್ಚಿದಳು. "ಹೂನ್ರಿ. ಆಕಿನ. ತಪ್ಪು ನಂದ ಇತ್ರಿ. ನಾನು ಹೂಂ ಅಂತ ಬರದಿದ್ದೆ, ಕಳಿಸಿರಲಿಲ್ಲ. ಅದು ನನಗ ಇವತ್ತ ಗೊತ್ತಾತು."

ಅದನ್ನು ಕೇಳಿದ್ದೇ ದುರ್ಗಾದೇವಿ ಬೈಯತೊಡಗಿದಳು. ಮಗ ಅನ್ನ ಬಿಟ್ಟದ್ದು, ಮಾತು ಬಿಟ್ಟದ್ದು ಎಲ್ಲ ಹೇಳಿ ಬೈದಳು. ಅಮೃತಾ ಅಳುತ್ತಾ ಎಲ್ಲದಕ್ಕೂ ಹೂಂಗುಟ್ಟಿದಳು. ಬೈದು ಬೈದು ಆ ತಾಯಿಯ ದನಿಯೇ ಮೆತ್ತಗಾಯಿತು. ಕುಷ್ಟಗಿಯವರಿಗೆ ತಾನೇ ಹೇಳುತ್ತೇನೆಂದು ಫೋನ್ ಇಟ್ಟಳು.

"ಏನಂದ್ಳು ಅವ್ವ?" ಹುಲಿಗೇಶ ಉಸಿರು ಬಿಗಿಹಿಡಿದು ಕೇಳಿದ.

"ಇನ್ನಾ ಬೈಯೂದು ಉಳದೈತಂತ." ಅಳುತ್ತಲೇ ನಕ್ಕಳು ಅಮೃತಾ. "ಉಳದಿದ್ದು ಐತವಾರ ನಮ್ಮ ಮನಿಗೇ ಬಂದು ಬೈತಾರಂತ."

"ಮತ್ತ... ನಾನೂ ಬರ್ಲೇನ್ರಿ?"

ಅವಳು ತಲೆ ತಗ್ಗಿಸಲಿಲ್ಲ. ಅವನನ್ನೇ ನೋಡಿದಳು.

"ಬರ್ರಿ. ಈ ಸಲ ಮುಟ್ತಲ್ರಿ?"

"ಮುಟ್ತು," ಎಂದ ಹುಲಿಗೇಶ. "ಆದ್ರೂ ಇನ್ನೊಮ್ಮೆ ಅನ್ರಿ..."