ಡ್ರಿಲ್ ಮಾಸ್ತರರ ಸೀಮೆಸುಣ್ಣ

ಕರಿಹಲಗೆಯ ಮುಂದೆ ನಿಂತಿದ್ದ ತನ್ನನ್ನೇ ಕಂಡು, ಹಿಂದಿನ ಬೆಂಚಿನಲ್ಲಿ ಕೂತಿದ್ದ ಸತ್ಯಭಾಮಾಳ ಎದೆ ಧಸಕ್ಕೆಂದಿತು.

ಅದೇ ಸೆರಗು, ತುರುಬು ಸುತ್ತಿದ ಅದೇ ಅಂಬಾಡಾ, ಬರೆದ ಮೇಲೆ ಅಂಗೈ ತಟ್ಟಿ ಪುಡಿ ಉದುರಿಸುವ ಅದೇ ಚಾಳಿ. ಆದರೆ ಸೀರೆಯೊಳಗಿದ್ದವಳು ಲೀಲಾ, ಏಳನೆಯ ಇಯತ್ತೆಯ ಹುಡುಗಿ.

ಅಂದು ಅಜನಿಯ ಆ ಮರಾಠಿ ಶಾಲೆಯಲ್ಲಿ ಸ್ವಯಂಶಾಸನ ದಿನ. ಮಕ್ಕಳು ಶಿಕ್ಷಕರಾಗಬೇಕು, ಶಿಕ್ಷಕರು ಬೆಂಚಿನ ಮೇಲೆ ಕೈಕಟ್ಟಿ ಕೂರಬೇಕು. ಹೆಡ್‌ಮಿಸ್ಟ್ರೆಸ್ ಗಂಗೂಬಾಯಿಯವರಿಗೆ ದುಂಬಾಲು ಬಿದ್ದು ಇದನ್ನು ಶುರುಮಾಡಿಸಿದವಳು ಸತ್ಯಭಾಮಾಳೇ. ಬೇಕಿತ್ತೇ ಅವಳಿಗೆ?

ಬೇಕಿತ್ತು, ಲೀಲಾಳಿಗಾಗಿ. ಹಾಜರಿ ಕೂಗಿದರೂ ಹುಡುಗಿ ಕಾಲಿನ ಹೆಬ್ಬೆರಳು ನೋಡುತ್ತ ನಿಲ್ಲುತ್ತಿದ್ದಳು. ಮೂಗಿ ಎಂದೇ ಉಳಿದವರು ಕೈಬಿಟ್ಟಿದ್ದರು. ಸತ್ಯಭಾಮಾ ಗದರಲಿಲ್ಲ. ಮೊದಲು ಗಂಟೆ ಬಾರಿಸುವ ಕೆಲಸ ಕೊಟ್ಟಳು, ಆಮೇಲೆ ನೀರು ತುಂಬುವ ಪಾಳಿ ಯಾರದೆಂದು ಕೂಗುವ ಕೆಲಸ. ದೀಪಾವಳಿಯ ಹೊತ್ತಿಗೆ ಹುಡುಗಿಯ ದನಿ ನಡುವಿನ ಬೆಂಚಿನವರೆಗೆ ಬಂದಿತ್ತು. ಇಂದು ಹಿಂದಿನ ಬೆಂಚಿಗೂ ಖಣಿಲ್ ಎಂದು ಕೇಳುತ್ತಿತ್ತು. ಸತ್ಯಭಾಮಾಳಿಗೆ ಹಿಗ್ಗೋ ಹಿಗ್ಗು.

ಆಗ ಮೈದಾನದಲ್ಲಿ ಯಾರೋ ಸೀಟಿ ಊದಿದರು.

ಲೀಲಾಳ ಕೈ ಸರಕ್ಕನೆ ಅಂಬಾಡಾದ ಮೇಲೆ ಹೋಯಿತು. ಸೆರಗು ಸರಿಯಾಯಿತು. ಕಣ್ಣು ಕಿಟಕಿಗೆ ಹಾರಿ, ಅಲ್ಲೇ ಒಂದಿಷ್ಟು ನಿಂತು, ನಾಚಿ ಮರಳಿತು. ಹೇಳಿದ ವಾಕ್ಯವನ್ನೇ ಅವಳು ಮತ್ತೊಮ್ಮೆ ಹೇಳಿದಳು.

ಮಕ್ಕಳು ಹೋ ಎಂದು ನಕ್ಕರು. ಸತ್ಯಭಾಮಾಳ ಮುಖದ ರಕ್ತ ಇಳಿದುಹೋಯಿತು. ತಾನು ಹೀಗೆ ಮಾಡುವುದುಂಟೇ? ದಿನಾ? ಇವರೆಲ್ಲರ ಎದುರಿಗೆ?

ಒಂದು ಮುಗಿಯುವುದರೊಳಗೆ ಇನ್ನೊಂದು. ದೊಗಳೆ ಕೋಟು ತೊಟ್ಟು, ಕೊರಳಿಗೆ ಸೀಟಿ ಕಟ್ಟಿದ ಹುಡುಗ ಶಾಮ ಬಾಗಿಲಲ್ಲಿ ಬಂದು ನಿಂತ. ಅವನು ಇಂದಿನ ಮಟ್ಟಿಗೆ ಡ್ರಿಲ್ ಮಾಸ್ತರ ಉಮಾಕಾಂತ. ಬಾಗಿಲ ಚೌಕಟ್ಟನ್ನು ಬೆರಳಿನಿಂದ ಸವರುತ್ತ, ಒಂದು ಸೀಮೆಸುಣ್ಣ ಸಿಗಬಹುದೇ ಎಂದು ಮೆಲ್ಲಗೆ ಕೇಳಿದ. ನಗೆ ಸೂರು ಹಾರಿಸಿತು.

ಯಾಕೆ ನಗುತ್ತಾರೆಂದು ಸತ್ಯಭಾಮಾಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಡ್ರಿಲ್ ಕಲಿಸುವವನಿಗೆ ಸೀಮೆಸುಣ್ಣ ಯಾತಕ್ಕೆ? ಮೈದಾನದಲ್ಲಿ ಹಲಗೆ ಎಲ್ಲಿದೆ? ಮಳೆಗಾಲದಿಂದ ಉಮಾಕಾಂತ ದಿನವೂ ಕೇಳುತ್ತಿದ್ದಾನೆ, ತಾನು ದಿನವೂ ಕೊಡುತ್ತಿದ್ದಾಳೆ, ಒಂದು ದಿನವಾದರೂ ಹೊಳೆಯಬಾರದೇ? ಒಲವೆಲ್ಲ ತನ್ನೊಬ್ಬಳದೇ ಎಂದು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದ ಹುಚ್ಚಿ!

ಶಾಮ ಸೀಮೆಸುಣ್ಣ ಜೇಬಿಗಿಳಿಸಿ, ಹೊರಟವನು ಹೊರಳಿ, "ಬರ್ತೀನ್ರಿ" ಅಂದ. ಇಡೀ ಮರಾಠಿ ಶಾಲೆ ಹುಬ್ಬಳ್ಳಿಯ ಸತ್ಯಭಾಮಾಳಿಂದ ಕಲಿತಿದ್ದ ಕನ್ನಡ ಅದೊಂದೇ.

ಪಕ್ಕದ ಸಾಲಿನಲ್ಲಿದ್ದ ನಿಜವಾದ ಉಮಾಕಾಂತನ ಕಿವಿ ಕೆಂಪಡರಿತ್ತು. ಅವನು ಅವಳತ್ತ ನೋಡಿದ. ಸುಳ್ಳಲ್ಲ ಎನ್ನುವ ನೋಟ, ಕ್ಷಮಿಸಿ ಎನ್ನುವ ನೋಟ, ಎರಡೂ ಒಟ್ಟಿಗೆ.

ಗಂಗೂಬಾಯಿ ಎದ್ದು ನಿಂತರು. ನಗು ಬಂದ್. ಬೇರೊಬ್ಬ ಮಾಸ್ತರರ ಜೊತೆ ಹೆಸರು ತಳಕುಹಾಕಿಕೊಂಡ ಹಿಂದಿನ ಟೀಚರನ್ನು ಅವರು ಮರುದಿನವೇ ಮನೆಗೆ ಕಳಿಸಿದ್ದನ್ನು ಯಾರೂ ಮರೆತಿರಲಿಲ್ಲ. ಕೆಲಸ ಹೋದರೆ ರೈಲ್ವೆ ಗಾರ್ಡ್ ಆಗಿದ್ದ ಅಣ್ಣ ಸತ್ಯಭಾಮಾಳನ್ನು ಮೊದಲ ಗಾಡಿಗೇ ಹುಬ್ಬಳ್ಳಿಗೆ ಹತ್ತಿಸುತ್ತಿದ್ದ.

ಇಂಥ ಸುಳ್ಳು ಆಟ ಕಲಿಸಿದವರು ಯಾರೆಂದು ಗಂಗೂಬಾಯಿ ಲೀಲಾಳನ್ನು ಕೇಳಿದರು. ಹುಡುಗಿಯ ಕಣ್ಣು ನೆಲಕ್ಕಿಳಿಯಿತು. ಹೆಬ್ಬೆರಳಿನತ್ತ.

ಸತ್ಯಭಾಮಾಳಿಗೆ ಅದನ್ನು ನೋಡಲಾಗಲಿಲ್ಲ. ಹುಡುಗಿ ಸುಳ್ಳಾಡಿದಳು ಎಂದರೆ ತನ್ನ ಮಾನ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಆದರೆ ಆ ಬಾಯಿ ಮತ್ತೆಂದೂ ತೆರೆಯುವುದಿಲ್ಲ.

ಅವಳು ಬೆಂಚಿನಿಂದ ಎದ್ದಳು.

"ಅಕಿ ಸುಳ್ಳ ಆಡಿಲ್ಲ," ಅಂದಳು. ಗಾಬರಿಯಲ್ಲಿ ಕನ್ನಡವೇ ಬಂದಿತ್ತು. ತಡವರಿಸಿ ಮರಾಠಿಯಲ್ಲಿ ಮತ್ತೆ ಹೇಳಿದಳು: "ಲೀಲಾ ಕಂಡದ್ದೆಲ್ಲ ಖರೆ. ಸೀಟಿ ಕೇಳಿದರೆ ನಾನು ಹಾಗೇ ನೋಡುತ್ತೇನೆ."

ಉಮಾಕಾಂತ ಎದ್ದು ಬಂದು ಮೇಜಿನ ಮೇಲೆ ಎರಡೂ ಜೇಬು ಬರಿದುಮಾಡಿದ. ಬರೆಯದ ಸೀಮೆಸುಣ್ಣಗಳು ಉರುಳಿ ಬಿದ್ದವು. ಇನ್ನಷ್ಟು ಮನೆಯಲ್ಲಿವೆ ಎಂದು ತಲೆತಗ್ಗಿಸಿ ಒಪ್ಪಿಕೊಂಡ.

"ನನಗೆ ಯಾರೂ ಕಲಿಸಲಿಲ್ಲ," ಎಂದಿತು ಒಂದು ದನಿ. ಲೀಲಾ ತಲೆ ಎತ್ತಿದ್ದಳು. "ನಾನೇ ನೋಡಿ ಕಲಿತದ್ದು."

ಗಂಗೂಬಾಯಿ ಹುಡುಗಿಯನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡಿದರು. ಈ ಹುಡುಗಿ ಅವರಿಗೆ ಉತ್ತರ ಕೊಟ್ಟದ್ದು ಅದೇ ಮೊದಲು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಡ್ರಿಲ್ ಗುರೂಜಿ," ಅಂದರು ಕೊನೆಗೆ, "ನಾಳೆಯಿಂದ ಈ ಶಾಲೆಯಲ್ಲಿ ನಿಮಗೆ ಸೀಮೆಸುಣ್ಣ ಸಿಗುವುದಿಲ್ಲ. ಬೇಕಿದ್ದರೆ ಇವರ ಅಣ್ಣನ ಮನೆಗೆ ಹೋಗಿ ಕೇಳಿ. ಜಲ್ದಿ ಕೇಳಿ."

ಉಮಾಕಾಂತ ಸತ್ಯಭಾಮಾಳ ಬೆಂಚಿನ ಪಕ್ಕ ಬಂದು ನಿಂತ. "ಬರ್ತೀನ್ರಿ," ಅಂದ. ಈ ಸಲ ಅದು ಹೊರಡುವ ಮಾತಾಗಿರಲಿಲ್ಲ.

ಅವಳ ಕೈ ತಾನಾಗಿಯೇ ಅಂಬಾಡಾಕ್ಕೆ ಹೋಯಿತು. "ಸಂಜಿಗೇ ಬರ್ರಿ. ಅಣ್ಣ ಮನ್ಯಾಗ ಇರ್ತಾನ."

ಕರಿಹಲಗೆಯ ಮೇಲೆ ರೂಲುದೊಣ್ಣೆ ಟಕಟಕ ಬಡಿಯಿತು.

"ಹಿಂದಿನ ಬೆಂಚು!" ಲೀಲಾ ಗದರಿದಳು. "ಪಾಠ ಇನ್ನೂ ಮುಗಿದಿಲ್ಲ. ಕೈ ಕಟ್ಟಿ, ತುಟಿ ಮೇಲೆ ಬೆರಳು!"

ಸತ್ಯಭಾಮಾ ಲಗುಬಗೆಯಿಂದ ಕೂತು ಕೈ ಕಟ್ಟಿದಳು, ತುಟಿಯ ಮೇಲೆ ಬೆರಳಿಟ್ಟಳು. ಅಷ್ಟು ದೊಡ್ಡ ನಗುವನ್ನು ಮುಚ್ಚಲು ಆ ಒಂದು ಬೆರಳು ಸಾಲಲಿಲ್ಲ.